ಜಂಬಣ್ಣನ ಮುಗಿಲಬಂಡಿ ಕಂಪನಿ

ಒಂದು ಕಾಡಿನಲ್ಲಿ ಬೂರುಗದ ಮರವೊಂದಿತ್ತು, ಮಕ್ಕಳೇ. ಎಷ್ಟು ಎತ್ತರ ಅಂದರೆ, ಹಾದುಹೋಗುವ ಮೋಡಗಳು ಅದರ ಕೊಂಬೆಗೆ ಸಿಕ್ಕಿ ಅಂಚು ಹರಿದುಕೊಳ್ಳುತ್ತಿದ್ದವು. ಚಂದ್ರ ಕೂಡ ಅಲ್ಲಿಗೆ ಬಂದಾಗ ಸ್ವಲ್ಪ ಓರೆಯಾಗಿ ದಾಟುತ್ತಿದ್ದ. ಸುಳ್ಳಲ್ಲ, ನೋಡಿದವರಿದ್ದಾರೆ!

ಬೇಸಿಗೆ ಬಂತೆಂದರೆ ಅದರ ಕಾಯಿಗಳು ಬಿರಿದು, ಒಂದೊಂದು ಬೀಜವೂ ತನ್ನ ಬಿಳಿ ಅರಳೆಯ ಜೊತೆ ಗಾಳಿಗೆ ಹೊರಡುತ್ತಿತ್ತು. ಇಡೀ ಕಾಡು ನಿದ್ದೆಯಲ್ಲಿ ತೇಲಿದ ಹಾಗೆ ಕಾಣುತ್ತಿತ್ತು.

ಆ ಮರದಲ್ಲಿ ಜಂಬಣ್ಣ ಎಂಬ ಕೆಂಪು ಹುಳು ಇದ್ದ. ರೆಕ್ಕೆಯಿಲ್ಲ. ತೂಕ ಎಳ್ಳಿನ ಸಿಪ್ಪೆಯಷ್ಟು, ಮಾತು ಮಾತ್ರ ಆನೆಯಷ್ಟು. ತೇಲುವ ಅರಳೆಯನ್ನು ನೋಡುತ್ತ ನೋಡುತ್ತ ಅವನಿಗೊಂದು ಉಪಾಯ ಹೊಳೆಯಿತು. ಕೊಂಬೆಯ ಮೇಲೆ ನಿಂತು ಕೂಗಿದ:

"ಬನ್ನಿ ಬನ್ನಿ! ಮುಗಿಲಬಂಡಿ ಕಂಪನಿ! ಮೋಡದಾಚೆಗೆ ಪ್ರವಾಸ! ನುಚ್ಚಕ್ಕಿ ಕೊಟ್ಟರೆ ಬೀಜದ ಪಕ್ಕದ ಸೀಟು. ಜೇನಹನಿ ಕೊಟ್ಟರೆ ಬೀಜ ತೆಗೆದ ಬಂಡಿ. ಇನ್ನೂ ಎತ್ತರ, ಕಾಲು ಚಾಚಿ ಮಲಗಬಹುದು!"

ಕಿತ್ತ ಬೀಜಗಳನ್ನೂ ಅವನು ಬಿಸಾಡಲಿಲ್ಲ. ಅಳಿಲುಗಳಿಗೆ ಮಾರಿಬಿಟ್ಟ.

ಇರುವೆ ಸಾತಕ್ಕ ನುಚ್ಚು ಹೊತ್ತು ಬಂದಳು. ನಕ್ಷತ್ರಗಳನ್ನು ಹತ್ತಿರದಿಂದ ನೋಡುವ ಆಸೆ ಅವಳಿಗೆ.

"ಏರೋದೇನೋ ಸರಿ ಜಂಬಣ್ಣ, ಇಳಿಯೋದು ಹೇಗಪ್ಪಾ? ಮನೆಯಲ್ಲಿ ಮೊಟ್ಟೆಗಳಿವೆ."

"ಅಯ್ಯೋ ಸಾತಕ್ಕ! ಇಳಿಯೋದಕ್ಕೆ ಯಾರಾದರೂ ಜೇನು ಕೊಡ್ತಾರಾ? ಎಲ್ಲರೂ ಕೊಡೋದು ಏರೋದಕ್ಕೇ!"

ಜೇನಹನಿ ಹಿಡಿದು ನಿಂತಿದ್ದ ಕಂಬಳಿಹುಳ ಅನುಮಾನಿಸಿತು. "ಮೊದಲು ನೀನೇ ಹತ್ತಿ ತೋರಿಸಪ್ಪ, ಮಾಲೀಕ!"

"ಅದಕ್ಕೇನಂತೆ!" ಎಂದ ಜಂಬಣ್ಣ, ಬೀಜವಿಲ್ಲದ ದೊಡ್ಡ ಅರಳೆಯ ಮೇಲೆ ಠೀವಿಯಿಂದ ಕೂತ. ಸಾತಕ್ಕ ತನ್ನ ಬೀಜವನ್ನು ಅಪ್ಪಿಕೊಂಡಳು. ಗಾಳಿ ಬೀಸಿತು, ಎರಡೂ ಬಂಡಿಗಳು ಹೊರಟವು.

ಆಹಾ, ಆ ಸಂಜೆ! ಕಾಡು ಕಲ್ಲಿನ ಮೇಲಿನ ಪಾಚಿಯಷ್ಟಾಯಿತು. ಕೆರೆ ಒಂದು ಬೆಳ್ಳಿ ಹನಿಯಾಯಿತು. ಮೋಡದೊಳಗೆ ಹೊಕ್ಕಾಗ ಮೈಯೆಲ್ಲ ತಣ್ಣಗೆ. ಮೋಡ ದಾಟಿದರೆ ಬರೀ ಮೌನ, ನಕ್ಷತ್ರಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. 

ಆಮೇಲೆ ಗಾಳಿ ನಿಂತಿತು. ಬೀಜದ ಭಾರಕ್ಕೆ ಸಾತಕ್ಕನ ಬಂಡಿ ಮೆಲ್ಲಗೆ ಇಳಿಯತೊಡಗಿತು. ಜಂಬಣ್ಣನದು ಇಳಿಯಲಿಲ್ಲ. ಕುಪ್ಪಳಿಸಿದ, ಜಗ್ಗಿದ, ಬೈದ. ಊಹೂಂ.

"ಸಾತಕ್ಕಾ! ಆ ಬೀಜ ನನಗೆ ಮಾರೇ! ಕೂಡಿಟ್ಟ ಜೇನೆಲ್ಲ ನಿನಗೇ!"

"ಇದನ್ನು ಕೊಟ್ಟರೆ ನಾನು ಮನೆಗೆ ಹೋಗೋದು ಹೇಗಪ್ಪಾ? ನಿನ್ನ ಬೀಜ ಎಲ್ಲಿ?"

"ಅಳಿಲಿನ ಹೊಟ್ಟೆಯಲ್ಲಿ!"

ಸಾತಕ್ಕ ಹುಲ್ಲಿನ ಮೇಲೆ ಇಳಿದವಳೇ ಮೊಟ್ಟೆಗಳ ಕಡೆ ಓಡಿದಳು. ಜಂಬಣ್ಣ ಮಾತ್ರ ಇನ್ನೂ ತೇಲುತ್ತಲೇ ಇದ್ದಾನೆ. ಹಾದುಹೋಗುವ ಹಕ್ಕಿಗಳನ್ನೆಲ್ಲ ಕೇಳುತ್ತಾನೆ, "ಒಂದೇ ಒಂದು ಬೀಜ ಕೊಡ್ತೀರಾ?"

"ಬದಲಿಗೆ ನೀನೇನು ಕೊಡ್ತೀಯ?"

"ಎತ್ತರ ಕೊಡ್ತೀನಿ!"

"ಅದು ನಮ್ಮ ಹತ್ತಿರವೇ ಇದೆಯಲ್ಲಪ್ಪ," ಎನ್ನುತ್ತ ಹಕ್ಕಿಗಳು ಗೂಡಿಗೆ ಇಳಿಯುತ್ತವೆ.

ನೀತಿ: ಲಾಭದ ಆಸೆಗೆ ಇಳಿಯುವ ದಾರಿಯನ್ನೇ ಮಾರಿಕೊಂಡವನು ಏರಿದಲ್ಲೇ ಉಳಿಯುತ್ತಾನೆ.