ಕೈ ತುಂಬ ಮಜ್ಜಿಗೆ, ಬಾಯಿ ತುಂಬ ಮಾತು

ನೆಲ್ಲಿಗುಡ್ಡದ ಮಠವೆಂದರೆ ಕಮಾನು, ಕಳಸ, ಆನೆಬಾಗಿಲು ಎಂದೆಲ್ಲ ಎಣಿಸಿಕೊಂಡು ಬಂದವರು ಮಠದ ಎದುರಿಗೇ ನಿಂತು ‘ಮಠ ಎಲ್ಲಿದೆ?’ ಎಂದು ಕೇಳುತ್ತಿದ್ದರು. ಇದ್ದದ್ದು ಒಂದು ಮಣ್ಣಿನ ಮಾಳಿಗೆ, ಒಂದು ಬೇವಿನ ಮರ, ಬಡಮಕ್ಕಳು ಉಂಡು ಓದಿಕೊಂಡಿರಲೆಂದು ಹಾಕಿದ ತಗಡಿನ ಚಪ್ಪರದ ಶಾಲೆ. ಆ ಬೇವಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು, ಯಾವುದೋ ಮಗುವಿನ ಅಂಗಿಗೆ ಗುಂಡಿ ಹಚ್ಚುತ್ತ ಕುಳಿತಿರುತ್ತಿದ್ದವರೇ ಪೂಜ್ಯ ಶ್ರೀ ಗುರುಪಾದ ಸ್ವಾಮಿಗಳು. ಭಕ್ತರ ಬಾಯಲ್ಲಿ ಅವರು ಅಜ್ಜಾರು. ಮಾತು ಕಡಿಮೆ. ಆಡಿದ ಮಾತನ್ನು ಮರೆಯುವುದು ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ.

ಆ ಶಾಲೆಗೆ ರಾಚೋಟಿ ಮಾಸ್ತರರು ಇದ್ದರು. ಅವರದು ಕಂಚಿನ ಕಂಠ. ಅವರು ಸ್ವಾಗತ ಭಾಷಣಕ್ಕೆ ನಿಂತರೆ ಗುಡ್ಡದಲ್ಲಿ ಮೇಯುವ ದನಗಳೂ ತಲೆಯೆತ್ತುತ್ತವೆ ಎಂದು ಊರವರು ನಗುತ್ತಿದ್ದರು. ಬಡವರ ಮಕ್ಕಳು ನಾಲ್ಕು ಜನರೆದುರು ಎದೆಯೆತ್ತಿ ಮಾತನಾಡಬೇಕೆಂಬುದು ಅವರ ನಿಜವಾದ ಆಸೆಯೇ ಆಗಿತ್ತು. ಅದಕ್ಕಾಗಿ ಪ್ರತಿ ಶನಿವಾರ ಭಾಷಣದ ತರಗತಿ ನಡೆಸುತ್ತಿದ್ದರು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಆರಂಭಿಸಿ ಮುಕ್ಕಾಲು ಪಾಲು ಹೊತ್ತು ತಾವೇ ಮಾತನಾಡಿಬಿಡುತ್ತಿದ್ದರು, ಅದು ಬೇರೆ ಮಾತು. ಉಳಿದ ಹೊತ್ತಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಲ್ಲಬೇಕು.

ಹಾಗೆ ಎದ್ದು ನಿಂತೂ ಮಾತನಾಡದವಳು ಹುಲಿಗೆವ್ವ. ಹೆಸರಿನಲ್ಲಿ ಹುಲಿ, ನಿಂತರೆ ಮಳೆಗೆ ನೆನೆದ ಗುಬ್ಬಿ. ಮಾಸ್ತರರು ಹೆಸರು ಕೂಗಿದೊಡನೆ ಅವಳ ಬಲಗೈ ಬಾಯಿಗೆ ಅಡ್ಡ ಬರುತ್ತಿತ್ತು. ಅಂಗೈಯ ಹಿಂದೆ ಏನೋ ಗೊಣಗಿದ ಹಾಗೆ ಕೇಳಿಸುತ್ತಿತ್ತು, ಅಷ್ಟೇ. ಸೇರಿ ಎರಡು ವರ್ಷವಾಗಿದ್ದರೂ ಅವಳು ತನ್ನ ಹೆಸರು ಹೇಳಿದ್ದನ್ನು ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಇದು ಅಣಕವೆಂದು ತಿಳಿದ ಮಾಸ್ತರರು ಒಂದು ದಿನ ಆ ಕೈಗೆ ರೂಲುದೊಣ್ಣೆಯಿಂದ ಎರಡು ಏಟು ಕೊಟ್ಟರು. ಆಗ ಎರಡೂ ಕೈ ಬಾಯಿಗೆ ಹೋದವು.

ಮಾಸ್ತರರು ನೇರವಾಗಿ ಬೇವಿನ ಕಟ್ಟೆಗೆ ಬಂದರು. ಪೂಜ್ಯರ ಮುಂದೆ ನಡು ಬಾಗಿಸಿ, ತಮ್ಮ ಉಸಿರು ತಾಗದಿರಲೆಂದು ಎಲ್ಲ ಭಕ್ತರಂತೆ ಬಾಯಿಗೆ ಅಂಗೈ ಮರೆಮಾಡಿ ನಿಂತರು.

“ಅಜ್ಜಾರ, ಆ ಹುಡುಗಿ ಮೂಕಿ ಅಲ್ರಿ, ಕೆಪ್ಪಿನೂ ಅಲ್ರಿ. ಬರೇ ಹಟ. ಮಾತು ಹುಟ್ಟಿನಿಂದ ಬರ್ಬೇಕ್ರಿ, ತುರುಕಿದ್ರ ಬರಂಗಿಲ್ಲ. ಅಕಿ ಜಾಗಾಕ್ಕ ಎಷ್ಟು ಮಕ್ಕಳು ಕಾಯಾಕತ್ಯಾರ. ಅವರಪ್ಪನ್ನ ಕರಸಿ ಕಳಿಸಿಬಿಡೂಣ್ರಿ.”

ಪೂಜ್ಯರು ಸೂಜಿಯಿಂದ ಕಣ್ಣೆತ್ತದೆ ಕೇಳಿದರು: “ಅಕಿ ಕೈ ಎಲ್ಲಿರ್ತಾವ ಮಾಸ್ತರ?”

“ಬಾಯಿ ಮ್ಯಾಲ್ರಿ. ಅದಕ್ಕ ಎರಡು ಕೊಟ್ಟೆ.”

ಪೂಜ್ಯರು ದಾರ ಕಚ್ಚಿ ಹರಿದರು. ಆಮೇಲೆ ಮಾಸ್ತರರ ಕೈಯನ್ನೊಮ್ಮೆ ನೋಡಿ, “ಅವರಪ್ಪ ಬರಲಿ. ಉಂಡು ಹೋಗಲಿ” ಎಂದಷ್ಟೇ ಹೇಳಿದರು. ತಮ್ಮ ಮಾತು ಗೆದ್ದಿತೆಂದು ಮಾಸ್ತರರು ಸಮಾಧಾನಗೊಂಡರು.

ಅಪ್ಪ ದುರಗಪ್ಪ ಸೋಮವಾರ ಬಂದ. ಪಕ್ಕದೂರಿನ ಗೌಡರ ಮನೆಯ ಆಳು. ಶಾಲೆಯ ಹೊಸ್ತಿಲಿನಿಂದ ಅಷ್ಟು ದೂರ ಚಪ್ಪಲಿ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ನಿಂತ. ಹುಲಿಗೆವ್ವ ತನ್ನ ಬಟ್ಟೆಯ ಗಂಟನ್ನು ಆಗಲೇ ಕಟ್ಟಿಕೊಂಡಿದ್ದಳು.

“ಗೌಡರ ದನದ ಮನ್ಯಾಗ ಸಗಣಿ ಬಳಿಯಾಕ ಹೇಳಿಟ್ಟೀನ್ರಿ ಯಪ್ಪಾ,” ಎಂದ ದುರಗಪ್ಪ ಮಾಸ್ತರರಿಗೆ. “ನಮ್ಮ ಹಣ್ಯಾಗ ಬರದಿದ್ದು ಅಷ್ಟ. ಆದ್ರ ಒಂದು ಮಾತ್ರಿ. ಅಕಿ ಹಟಮಾರಿ ಅಲ್ರಿ. ದೊಡ್ಡವರ ಮುಂದ ಬಾಯಿ ಮುಚ್ಚಿ ನಿಲ್ಲಬೇಕು ಅಂತ ನಾನ ಕಲಿಸೀನ್ರಿ. ಅದೊಂದನ್ನ ಭಾಳ ಚಲೋ ಕಲ್ತಾಳ್ರಿ.”

ಮಾಸ್ತರರಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾವು ಹೊಡೆದದ್ದು ಅಣಕಕ್ಕಲ್ಲ, ಗೌರವಕ್ಕೆ! ದೊಣ್ಣೆ ಬಿದ್ದ ಕೂಡಲೇ ಆ ಮಗು ಇನ್ನೂ ಹೆಚ್ಚು ಗೌರವ ತೋರಿಸಲು ಎರಡನೆಯ ಕೈಯನ್ನೂ ಏರಿಸಿತ್ತು. ಅವರು ಬೇವಿನ ಕಟ್ಟೆಯ ಕಡೆ ನೋಡಿದರು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರ ಕಂಚಿನ ಕಂಠಕ್ಕೆ ಧೈರ್ಯ ಬರಲಿಲ್ಲ.

ದಾಸೋಹದ ಹೊತ್ತಾಯಿತು. ಚಪ್ಪರದ ಕೆಳಗೆ ಮಕ್ಕಳು, ಭಕ್ತರು ಸಾಲಾಗಿ ಕುಳಿತರು. ಜೋಳದ ನುಚ್ಚು, ಸಾರು ಬಂತು. ಪೂಜ್ಯರು ಸಾಲಿನ ತುದಿಯಲ್ಲಿ ಹಾಸಿದ್ದ ತಮ್ಮ ಕಂಬಳಿಯಿಂದಲೇ ಕರೆದರು:

“ಹುಲಿಗೆವ್ವಾ, ಮಜ್ಜಿಗಿ ಗಡಿಗಿ ತಗೊಂಡು ಬಾರವ್ವಾ.”

ಹುಡುಗಿ ಗಂಟು ಕೆಳಗಿಟ್ಟು ಹೋದಳು. ಅಡುಗೆಯವರು ಕಂಠದವರೆಗೆ ತುಂಬಿದ ಗಡಿಗೆಯನ್ನು ಅವಳ ಕೈಗಿತ್ತರು. ತುಳುಕಿಸದಂತೆ ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಿಡುತ್ತ ಅವಳು ಪೂಜ್ಯರ ಮುಂದೆ ಬಂದು ನಿಂತಳು. ಬಲಗೈಯ ಬೆರಳುಗಳು ಅಭ್ಯಾಸಬಲದಿಂದ ಮೇಲೇಳಲು ನೋಡಿದವು. ಗಡಿಗೆ ವಾಲಿತು. ಬೆರಳುಗಳು ಮತ್ತೆ ಗಡಿಗೆಗೇ ಅಂಟಿಕೊಂಡವು.

ಪೂಜ್ಯರು ಮೃದುವಾಗಿ ಕೇಳಿದರು: “ಯಾರಿಗೆ ಊಟ ಮುಟ್ಟಿಲ್ಲ, ನೋಡಿ ಹೇಳವ್ವಾ.”

ಹುಡುಗಿ ಸಾಲುಗಳ ಮೇಲೆ ಕಣ್ಣು ಹಾಯಿಸಿದಳು. ಎಲ್ಲರ ಮುಂದೆಯೂ ಎಲೆಯಿತ್ತು. ಚಪ್ಪರದ ಆಚೆ, ಬಿಸಿಲಿನಲ್ಲಿ, ಯಾರೂ ಕೂಡೆಂದು ಹೇಳದ ಜಾಗದಲ್ಲಿ ದುರಗಪ್ಪ ತಾನಾಗಿ ದೂರ ಸರಿದು ಕುಕ್ಕರುಗಾಲಲ್ಲಿ ಕುಳಿತಿದ್ದ. ಅವನ ಮುಂದೆ ಬರಿಯ ನೆಲ. ಹುಡುಗಿ ಗಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಪೂಜ್ಯರು ಅವಸರ ಮಾಡಲಿಲ್ಲ. ಸಾರು ಆರುತ್ತಿದ್ದರೂ ಇಡೀ ಪಂಕ್ತಿ ಆ ಮಗುವಿಗಾಗಿ ಕಾದು ಕುಳಿತಿತು.

“ನಮ್ಮಪ್ಪಗ ನೀಡಿಲ್ರಿ!”

ಆ ದನಿ ತಗಡಿಗೆ ತಾಗಿ ಮೊಳಗಿತು. ಎಲ್ಲರೂ ತಿರುಗಿ ನೋಡಿದರು. ಹುಲಿಗೆವ್ವನೂ ಬೆಚ್ಚಿ ಹಿಂದೆ ನೋಡಿದಳು, ಕೂಗಿದವರು ಬೇರೆ ಯಾರೋ ಎಂಬಂತೆ.

ಪೂಜ್ಯರು ಎದ್ದರು. ಊಟದ ನಡುವೆ ಎಂದೂ ಏಳದವರು ಎದ್ದದ್ದು ಕಂಡು ಪಂಕ್ತಿಯೆಲ್ಲ ಎದ್ದು ನಿಂತಿತು. ಅವರು ತಮ್ಮ ಬಟ್ಟಲಿನಲ್ಲಿ ಆ ಗಡಿಗೆಯ ಮಜ್ಜಿಗೆಯನ್ನು ತುಂಬಿಕೊಂಡು ಬಿಸಿಲಿಗೆ ನಡೆದುಹೋಗಿ, ದುರಗಪ್ಪನ ತೋಳು ಹಿಡಿದು ನೆರಳಿಗೆ ಕರೆತಂದು, ಸಾಲಿನಲ್ಲಿ ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು. ತುಂಬಿದ ಬಟ್ಟಲನ್ನು ಅವನ ಎರಡೂ ಕೈಗಳ ನಡುವೆ ಇಟ್ಟರು.

“ಈಗ ಹೇಳಪಾ. ಮಗಳನ್ನ ಕರಕೊಂಡು ಹೋಗ್ತೀಯೇನು?”

ದುರಗಪ್ಪನ ಕೈಗಳೂ ಈಗ ಬಾಯಿಗೆ ಹೋಗುವಂತಿರಲಿಲ್ಲ. ಅವನ ಕಣ್ಣಿನಿಂದ ನೀರು ನೇರವಾಗಿ ಮಜ್ಜಿಗೆಗೆ ಬಿತ್ತು. “ಇಲ್ರಿ ಅಜ್ಜಾರ. ಇಲ್ಲೇ ಇರ್ಲಿ. ಇಷ್ಟು ದೊಡ್ಡ ದನಿ ನನ್ನ ಮಗಳಿಗೈತಂತ ನನಗ ಗೊತ್ತಿರ್ಲಿಲ್ರಿ.”

ಪೂಜ್ಯರು ಪಂಕ್ತಿಯ ಕಡೆ ತಿರುಗಿದರು. “ಇನ್ನ ಮ್ಯಾಲ ನಮ್ಮ ಮುಂದ ಯಾರೂ ಬಾಯಿ ಮುಚ್ಚಬ್ಯಾಡ್ರಿ. ನಿಮ್ಮ ಉಗುಳು ಸಿಡದ್ರ ಸಿಡೀಲಿ. ನಾವು ಒರಸಿಕೊಳ್ತೀವಿ. ನೀವು ಮುಚ್ಚಿ ನಿಂತದ್ದನ್ನ ಕಂಡೇ ಈ ಮಕ್ಕಳು ಕಲಿಯಾಕತ್ಯಾರ.”

ರಾಚೋಟಿ ಮಾಸ್ತರರು ಮುಂದೆ ಬಂದರು. ನೂರಾರು ಸಭೆಗಳಲ್ಲಿ ನಿರರ್ಗಳವಾಗಿ ಹರಿದ ಮಾತು ಅಂದು ಬರಲಿಲ್ಲ. “ಅಜ್ಜಾರ, ನಾನು…” ಎಂದು ಹೇಗೋ ತೊಡಗಿದರು. ಪೂಜ್ಯರು ನಸುನಕ್ಕರು.

“ಮಾಸ್ತರ, ನಿಮಗೂ ಒಂದು ಗಡಿಗಿ ಕೊಡಬೇಕೇನು?”

ಆಗಲೇ ಮಾಸ್ತರರಿಗೆ ಅರಿವಾದದ್ದು, ತಮ್ಮ ಅಂಗೈ ತಮ್ಮ ಬಾಯಿಯ ಮೇಲೇ ಇದೆಯೆಂದು. ಪಂಕ್ತಿಯಲ್ಲಿ ಯಾವುದೋ ಮಗು ಕಿಸಕ್ಕನೆ ನಕ್ಕಿತು. ಮಾಸ್ತರರಿಗೆ ಸಿಟ್ಟು ಬರಲಿಲ್ಲ. ಕೈ ಕೆಳಗಿಳಿಸಿ ಅವರು ಹುಲಿಗೆವ್ವನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ತಪ್ಪಾತವ್ವಾ. ನಿನ್ನ ಕೈಗೆ ಹೊಡದದ್ದು ನನ್ನ ತಪ್ಪು.” ಅಂದು ಅವರು ಮಾಡಿದ ಭಾಷಣ ಇಷ್ಟೇ. ಅವರ ಬದುಕಿನ ಅತ್ಯಂತ ಉತ್ತಮ ಭಾಷಣ ಅದೇ ಎಂದು ನೆಲ್ಲಿಗುಡ್ಡದ ಹಿರಿಯರು ಈಗಲೂ ಹೇಳುತ್ತಾರೆ.

ಮುಂದಿನ ಶನಿವಾರ ಮಾಸ್ತರರು ಎದುರಿಗೆ ನಿಲ್ಲಲಿಲ್ಲ. ಮಕ್ಕಳ ಹಿಂದೆ, ಕಡೆಯ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಗಾದೆ ಹೇಳಲಿಲ್ಲ. ಕಂಠಪಾಠ ಒಪ್ಪಿಸೆನ್ನಲಿಲ್ಲ. ತುಂಬಿದ ನೀರಿನ ಗಡಿಗೆಯೊಂದನ್ನು ಮುಂದಿರಿಸಿದ್ದರು. ಎದ್ದ ಮಗು ಅದನ್ನು ಎತ್ತಿಕೊಂಡು ನಿಂತು, ತನಗೆ ಏನು ಗೊತ್ತಿದೆಯೋ ಅದನ್ನು ಹೇಳಬೇಕು. ಒಬ್ಬ ಹುಡುಗ ಕುರಿಗೆ ಬರುವ ಜ್ವರದ ಮಾತು ಹೇಳಿದ. ಒಬ್ಬಳು ತನ್ನ ಅವ್ವ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಬಗೆಯನ್ನು ಹೇಳಿದಳು. ತಡವರಿಸಿದರೆ ಎಲ್ಲರೂ ಕಾಯುತ್ತಿದ್ದರು. ಕಾಯುವುದನ್ನು ಅವರು ಸೋಮವಾರದ ಪಂಕ್ತಿಯಲ್ಲಿ ಕಲಿತಿದ್ದರು.

ಹುಲಿಗೆವ್ವನ ಸರದಿ ಬಂತು. ಅವಳು ಗಡಿಗೆಯನ್ನು ಎತ್ತಿಕೊಂಡಳು. ಒಂದು ಕ್ಷಣ ಹಿಡಿದು ನಿಂತಳು. ಆಮೇಲೆ ಯಾರೂ ಹೇಳದೆ ಅದನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅವಳ ಎರಡೂ ಕೈ ಖಾಲಿಯಿದ್ದವು. ಅವು ಮೇಲೇಳಲಿಲ್ಲ.

“ನನ್ನ ಹೆಸರು ಹುಲಿಗೆವ್ವ,” ಎಂದಳು.

ಕಡೆಯ ಸಾಲಿನಲ್ಲಿ ಕುಳಿತಿದ್ದ ಮಾಸ್ತರರು ಎದ್ದು ನಿಂತು ಕೈ ಮುಗಿದರು. ಹೊರಗೆ ಬೇವಿನ ಕಟ್ಟೆಯ ಮೇಲೆ ಪೂಜ್ಯರು ಸೂಜಿಗೆ ದಾರ ಪೋಣಿಸುತ್ತಿದ್ದರು.