ಎಡ ಅಂದರೆ ಎಡ

"ಗುರುಗಳೇ, ಒಂದ್ಸಲ ನಮ್ಮನ್ನ ಹಳ್ಳಕ್ಕೆ ಕೆಡವಿದವನನ್ನ ಮತ್ತೆ ನಂಬೋದು ಹೇಗೆ?" ಅಂತ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಾರ್ ರೇಸಿನವನಿದ್ದ. ಮೊದಲು ಹಾಲಿನ ವ್ಯಾನು ಓಡಿಸ್ತಿದ್ದ. ಊರು ಮುಟ್ಟಿ ಕ್ಯಾನಿನ ಮುಚ್ಚಳ ತೆಗೆದರೆ ಬೆಣ್ಣೆ ತೇಲ್ತಿತ್ತು. ಡೈರಿಯವರು ಕೆಲಸ ಬಿಡಿಸಿದರು, ರೇಸಿನವರು ಕರ್ಕೊಂಡರು.

ಕಾಡುಗುಡ್ಡದ ಮಣ್ಣುದಾರೀಲಿ ಓಡೋ ರೇಸು ಅದು. ಧೂಳಿಗೆ ಮುಂದೇನೂ ಕಾಣೋದಿಲ್ಲ. ಪಕ್ಕದಲ್ಲಿ ಕೂತವನು ತಿರುವು ಹೇಳ್ತಾ ಹೋಗ್ಬೇಕು. ಎಡ ಅಂದರೆ ಎಡ, ಬಲ ಅಂದರೆ ಬಲ. ಬೇರೆಯವರು ಮಾತು ಕೇಳಿ, ಒಂದು ಗಳಿಗೆ ಯೋಚಿಸಿ ತಿರುಗಿಸ್ತಿದ್ದರು. ಇವನು ಮಾತು ಬಾಯಿಂದ ಬೀಳ್ತಿದ್ದ ಹಾಗೇ ತಿರುಗಿಸ್ತಿದ್ದ. ಅಷ್ಟಕ್ಕೇ ವರ್ಷ ವರ್ಷ ಚಾಂಪಿಯನ್ ಆದ.

ಒಂದು ರೇಸಲ್ಲಿ ಕಾರು ಗುಂಡಿಗೆ ಬಿದ್ದು ಕುಕ್ಕಿತು. ಪಕ್ಕದವನ ಫ್ಲಾಸ್ಕಿನ ಮುಚ್ಚಳ ಹಾರಿ ಬಿಸಿ ಕಾಫಿ ತೊಡೆ ಮೇಲೆ ಚೆಲ್ಲಿತು. ಅವನು 'ಎಡವಟ್ಟಾಯ್ತಲ್ಲೋ' ಅನ್ನೋಕೆ ಹೋದ. 'ಎಡ' ಅಂದಿದ್ದೇ ತಡ, ಇವನು ತಿರುಗಿಸಿದ. ಎಡಕ್ಕೆ ಕೆರೆ ಇತ್ತು.

ಎಮ್ಮೆಗಳು ಸರಿದು ಜಾಗ ಕೊಟ್ಟವು.

"ಆ ಪಕ್ಕದವನನ್ನ ಬಿಡು. ಅವನನ್ನೇ ಇಟ್ಕೊಂಡು ಇನ್ನೊಂದ್ಸಲ ಸೋತರೆ ಕಾರಿನ ಕೀ ಇಟ್ಟು ಹೋಗು," ಅಂದ ಕಾರಿನ ಧಣಿ. ಕಾರು ಹೋದರೆ ಇವನಿಗೆ ಬೇರೆ ಕಸುಬು ಗೊತ್ತಿಲ್ಲ. ಡೈರಿಯವರಂತೂ ವಾಪಸ್ ಕರೆಯೋ ಹಾಗಿರಲಿಲ್ಲ. ಆದರೂ ಮುಂದಿನ ರೇಸಿಗೆ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡ.

"ಈ ಸಲ ನಾನು ಪೂರ್ತಿ ಹೇಳಿ ಮುಗಿಸೋವರೆಗೂ ಕಾಯೋ ಮಾರಾಯ," ಅಂದ ಪಕ್ಕದವನು.

"ಕಾದರೆ ಗೆದ್ದ ಹಾಗೇ ಇದೆ! ನೀನು ಕಾಫಿ ಬಿಡು."

ಹೊರಟರು. ಧೂಳೆದ್ದಿತು. ಮೊದಲ ತಿರುವಿಗೆ 'ಎಡ' ಅಂತ ಕೇಳಿಸಿತು. ಇವನು ತಿರುಗಿಸಿದ. ದಾರಿ ಇತ್ತು. ಆಮೇಲೂ ಎಡ, ಬಲ, ನೇರ ಬಿಟ್ಟರೆ ಬೇರೊಂದು ಮಾತು ಪಕ್ಕದಿಂದ ಬರಲಿಲ್ಲ.

ಗೆದ್ದು ಕೆಳಗಿಳಿದು ಹೆಲ್ಮೆಟ್ಟು ತೆಗೆದಾಗ ನೋಡ್ತಾನೆ, ಪಕ್ಕದವನ ಮುಖ ಬನ್ನಿನ ಹಾಗೆ ಊದಿಕೊಂಡಿದೆ. ದಾರೀಲೇ ಹೆಲ್ಮೆಟ್ಟಿನೊಳಗೆ ಒಂದು ಕಣಜದ ಹುಳ ಸೇರಿ ಕಚ್ತಾ ಕೂತಿತ್ತು.

"ಒಂದು ಮಾತು ಹೇಳೋದಲ್ವೇನೋ?"

"ಏನಂತ ಹೇಳ್ಲಿ? ನೀನು ತಿರುಗಿಸಿಬಿಡ್ತಿದ್ದೆ."

ಶಿಷ್ಯ ನಕ್ಕ. ಮತ್ತೆ ಕೇಳಿದ: "ಆ ಮೊದಲ ತಿರುವಲ್ಲಿ ಓಡಿಸೋನಿಗೆ ಹೆದರಿಕೆ ಆಗಲಿಲ್ವಾ, ಗುರುಗಳೇ?"

"ಆಯ್ತಪ್ಪ. ಹೆದರ್ಕೊಂಡೇ ತಿರುಗಿಸಿದ."