ಎತ್ತಿನ ಕಾಲಿನ ಗಡಿಯಾರ

"ಗುರುಗಳೇ, ನನ್ನ ಜಪದ ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದೆ. ಮನಸ್ಸು ಮಾತ್ರ ಇದ್ದಲ್ಲೇ ಇದೆ. ಏಕೆ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯ. ಅವನ ತೋರುಬೆರಳಿನಲ್ಲಿ ಉಂಗುರದಂತಹ ಪುಟ್ಟ ಯಂತ್ರವೊಂದಿತ್ತು. ಹೆಬ್ಬೆರಳಿನಿಂದ ಅದರ ಗುಂಡಿ ಒತ್ತಿದರೆ ಜಪದ ಎಣಿಕೆ ಏರುತ್ತಿತ್ತು. ಪ್ರಶ್ನೆ ಕೇಳುವಾಗಲೂ ಅವನ ಹೆಬ್ಬೆರಳು ಗುಂಡಿ ಒತ್ತುತ್ತಲೇ ಇತ್ತು.

ಗುರುಗಳು ಆ ಬೆರಳನ್ನು ನೋಡಿದರು. "ಕೂತುಕೋ ಪುಣ್ಯಾತ್ಮ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಹಿತ್ತಿಲಲ್ಲಿ ಗಾಣ, ಮುಂದೆ ಅಂಗಡಿ. ಎತ್ತು ಬೆಳಗಿನಿಂದ ಸಂಜೆಯವರೆಗೆ ಗಾಣ ಸುತ್ತುತ್ತಿತ್ತು. ಇವನು ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತಿರುತ್ತಿದ್ದ. ಎದುರಿನ ಹೋಟೆಲಿನ ಬಜ್ಜಿ ಕೂಡ ಕೂತಲ್ಲಿಗೇ ಬರುತ್ತಿತ್ತು. ಒಂದು ದಿನ ಎದೆ ಹಿಡಿದುಕೊಂಡಿತು. ವೈದ್ಯರು ಪರೀಕ್ಷಿಸಿ, "ಹೃದಯ ಸೋತಿದೆ. ದಿನಾ ನಡೆದರೆ ಉಳಿಯುತ್ತೀರಿ, ಕೂತರೆ ನನ್ನನ್ನು ಕೇಳಬೇಡಿ," ಎಂದರು.

ವ್ಯಾಪಾರಿಗೆ ಒಬ್ಬಳೇ ಮಗಳು. ತಾಯಿ ಇಲ್ಲದವಳು. ಪಕ್ಕದ ಊರಿಗೆ ಮದುವೆಯಾಗಿ ಹೋಗಿದ್ದಳು. ವೈದ್ಯರ ಮಾತು ಕೇಳಿ ಅವಳ ಜೀವವೇ ಹಾರಿಹೋದಂತಾಯಿತು. ಹೊಲಿಗೆಯಿಂದ ಗಳಿಸಿದ್ದರಲ್ಲಿ ಅಪ್ಪನಿಗೊಂದು ಕೈಗಡಿಯಾರ ತಂದುಕೊಟ್ಟಳು. ನಿನ್ನ ಕೈಯ ಯಂತ್ರಕ್ಕೆ ದೊಡ್ಡಪ್ಪ ಅದು! ಹೆಜ್ಜೆಗಳನ್ನು ತಾನೇ ಎಣಿಸಿ, ಎಣಿಸಿದ್ದನ್ನು ಮಗಳ ಮೊಬೈಲಿಗೂ ತೋರಿಸುತ್ತಿತ್ತು.

ವ್ಯಾಪಾರಿ ಮೊದಲ ದಿನ ಓಣಿಯ ತುದಿಯವರೆಗೆ ಹೋಗಿ ಬಂದ. ಮಂಡಿ ನೋವು. ಮರುದಿನ ಬಿಸಿಲು ಜಾಸ್ತಿ. ಅದರ ಮರುದಿನ ಮೋಡ. ಮಗಳು ಫೋನಿನಲ್ಲಿ, "ಯಾಕಪ್ಪಾ, ಹೆಜ್ಜೆಯೇ ಕಾಣಿಸುತ್ತಿಲ್ಲ?" ಎಂದು ಪೀಡಿಸಿದಳು. ಫೋನು ಇಟ್ಟು ಹಿತ್ತಿಲ ಬಾಗಿಲತ್ತ ತಿರುಗಿದರೆ ಕಣ್ಣೆದುರಿಗೇ ಎತ್ತು. ಪಾಪ, ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ವ್ಯಾಪಾರಿ ಎದ್ದ. ಗಡಿಯಾರ ಬಿಚ್ಚಿದ. ಪಟ್ಟಿ ಸಾಲದೆ ದಾರ ಸೇರಿಸಿ, ಎತ್ತಿನ ಮುಂಗಾಲಿಗೆ ಕಟ್ಟಿದ.

ನಗಬೇಡ. ಇನ್ನೂ ಇದೆ, ಕೇಳು.

ಅಂದಿನಿಂದ ಹೆಜ್ಜೆಗಳೇ ಹೆಜ್ಜೆಗಳು. ಮಗಳ ಸಂತೋಷಕ್ಕೆ ಪಾರವಿಲ್ಲ. ಕಂಡಕಂಡವರಿಗೆಲ್ಲ ಮೊಬೈಲು ತೋರಿಸಿ, "ನಮ್ಮಪ್ಪ ನೋಡಿ!" ಎಂದಳು. ಅದನ್ನು ಕಂಡು ಅವಳ ಮಾವನವರಿಗೆ ನಾಚಿಕೆಯಾಯಿತು. ಬೀಗರೇ ಈ ವಯಸ್ಸಿನಲ್ಲಿ ಇಷ್ಟು ನಡೆಯುವಾಗ ತಾನೇಕೆ ಬಿದ್ದುಕೊಂಡಿರಬೇಕೆಂದು ಅವರೂ ನಡೆಯತೊಡಗಿದರು. ಹೊಟ್ಟೆ ಕರಗಿತು. ಎತ್ತಿನ ಪುಣ್ಯ! ಇತ್ತ ವ್ಯಾಪಾರಿ, ಇಷ್ಟು ಹೆಜ್ಜೆ ಹಾಕುವವನಿಗೆ ವೈದ್ಯರ ಹಂಗೇಕೆ ಎಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಸುಳ್ಳು ಮಗಳಿಗೆ ಹೇಳಿದ್ದು, ನಂಬಿದವನು ಅವನೇ. ನಡುನಡುವೆ ಎದೆ ಹಿಂಡುತ್ತಿತ್ತು. ಬಜ್ಜಿಯ ದೋಷವೆಂದುಕೊಂಡ.

ಹೀಗಿರುವಾಗ ಒಂದು ಬೆಳಗ್ಗೆ ಎತ್ತಿನ ಹಿಂಗಾಲು ಉಳುಕಿತು. ಎತ್ತು ನಿಂತಿತು. ಮಗಳ ಮೊಬೈಲಿನಲ್ಲಿ ಅಪ್ಪ ನಿಂತುಹೋದ.

ಮಗಳು ಫೋನು ಮಾಡಿದಳು. ಅಂಗಡಿಯ ಗಾದಿಯ ಮೇಲೆ ಮೊಬೈಲು ಒಂದೇ ಸಮನೆ ಬಡಿದುಕೊಂಡಿತು. ಹಿತ್ತಿಲಲ್ಲಿದ್ದ ವ್ಯಾಪಾರಿಗೆ ಕೇಳಲಿಲ್ಲ. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೆಯೇ ಬಿಟ್ಟು, ಕಾಲಿಗೆ ಚಪ್ಪಲಿಯೂ ಇಲ್ಲದೆ ಸಿಕ್ಕಿದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳು. ಬಾಗಿಲಲ್ಲೇ "ಅಪ್ಪಾ!" ಎಂದು ಕೂಗುತ್ತಾ ಹಿತ್ತಿಲಿಗೆ ಓಡಿದಳು. ಅಪ್ಪ ನೆಲದ ಮೇಲೆ ಕೂತು ಎತ್ತಿನ ಹಿಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಮುಂಗಾಲಿನಲ್ಲಿ ಗಡಿಯಾರವಿತ್ತು.

ಮಗಳಿಗೆ ಮೊದಲು ನಗು ಬಂತು. ಅಪ್ಪ ಬದುಕಿದ್ದಾನಲ್ಲ! ಆಮೇಲೆ ಗಡಿಯಾರವನ್ನೇ ನೋಡುತ್ತಾ ನಿಂತಳು.

"ಅಪ್ಪಾ, ದಿನಾ ಸಂಜೆ ನಿನ್ನ ಹೆಜ್ಜೆ ನೋಡಿದ ಮೇಲೆಯೇ ನಾನು ಊಟಕ್ಕೆ ಕೂರುತ್ತಿದ್ದೆ," ಎಂದಳು.

ಬೈದಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಈ ಮಾತು ಕೇಳಿದ್ದೇ ಎತ್ತಿನ ಮುಂಗಾಲಿನತ್ತ ಸರಿದ. ಎಣ್ಣೆಗೈಯಲ್ಲೇ ದಾರ ಬಿಚ್ಚಿದ. ಗಡಿಯಾರವನ್ನು ಒರೆಸಿ ತನ್ನ ಕೈಗೆ ಕಟ್ಟಿಕೊಂಡ. ಮಗಳಿಗೆ ತನ್ನ ಚಪ್ಪಲಿ ಕೊಟ್ಟು, ತಾನು ಹಳೆಯ ಜೋಡಿಯೊಂದನ್ನು ಹುಡುಕಿ ಮೆಟ್ಟಿಕೊಂಡ. "ನಡೆ, ಮೊದಲು ಆಸ್ಪತ್ರೆಗೆ ಹೋಗೋಣ. ಆಮೇಲೆ ನಿನ್ನನ್ನು ಬಸ್ಸು ಹತ್ತಿಸುತ್ತೇನೆ," ಎಂದ.

ನಡೆದೇ ಹೋದರು. ಸಿಕ್ಕ ಕಟ್ಟೆಯ ಮೇಲೆಲ್ಲ ಕೂತು, ಉಸಿರು ಬಿಟ್ಟು, ಮತ್ತೆ ಎದ್ದು ನಡೆದರು. ವೈದ್ಯರು ಚೆನ್ನಾಗಿ ಬೈದು, ಮಾತ್ರೆ ಬದಲಿಸಿ, ಇನ್ನೂ ಕಾಲ ಮಿಂಚಿಲ್ಲ ಎಂದರು. ಅಂದು ಸಂಜೆ ಮಗಳು ಗಂಡನ ಮನೆಯಲ್ಲಿ ಮೊಬೈಲು ತೆಗೆದು ನೋಡಿದಳು. ಎತ್ತಿನ ಹೆಜ್ಜೆಗಳ ಮುಂದೆ ಅಪ್ಪನ ಹೆಜ್ಜೆಗಳು ಏನೂ ಅಲ್ಲ. ಆದರೂ ಅಷ್ಟನ್ನೇ ಮತ್ತೆ ಮತ್ತೆ ನೋಡಿದಳು. ಹೊಟ್ಟೆ ತುಂಬ ಉಂಡಳು. ವ್ಯಾಪಾರಿ ಇವತ್ತಿಗೂ ನಡೆಯುತ್ತಿದ್ದಾನೆ. ಸಂಜೆ ಗಾಣ ಬಿಚ್ಚಿದ ಮೇಲೆ ಎತ್ತನ್ನೂ ಕೆರೆಯವರೆಗೆ ಜೊತೆಗೆ ಕರೆದುಕೊಂಡು ಹೋಗುತ್ತಾನೆ.

ಕತೆ ಮುಗಿಯಿತು. ಅಡಿವೆಪ್ಪ ಮನಸಾರೆ ನಕ್ಕ. "ಎಂಥ ಮನುಷ್ಯ, ಗುರುಗಳೇ! ಎತ್ತಿನ ಕಾಲಿಗೆ ಕಟ್ಟುವುದೇ?" ಎಂದ. ನಗುವಾಗಲೂ ಅವನ ಹೆಬ್ಬೆರಳು ಗುಂಡಿ ಒತ್ತುತ್ತಲೇ ಇತ್ತು.

ಗುರುಗಳೂ ನಕ್ಕರು. "ಅಡಿವೆಪ್ಪ, ನಾನು ಕತೆ ಹೇಳುತ್ತಿದ್ದಾಗ ನಿನ್ನ ಯಂತ್ರ ಎಣಿಸಿದ ಜಪವೆಲ್ಲ ಯಾವ ಎತ್ತಿನದು?"

ಹೆಬ್ಬೆರಳು ನಿಂತಿತು.